ಗುಬ್ಬಿಯ ಕುತ್ತಿಗೆಯ ಬಾಣ

ಬುಧವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಸರು ಮಹಾಲಿಂಗ, ರಬಕವಿಯವನು, ನಾಲ್ಕು ಪಾವರ್‌ಲೂಮ್ ಇಟ್ಟುಕೊಂಡಿದ್ದೇನೆ ಎಂದು ತಾನೇ ಹೇಳಿಕೊಂಡ.

"ಮೇಡಮ್ಮರ, ಜಮಖಂಡಿ ನವೀನ ಸರ ನಿಮ್ಮ ನಂಬರ ಕೊಟ್ಟಾರ್ರಿ. ಸಾಫ್ಟ್‌ವೇರಿನ್ಯಾಗ ಏನರ ತಪ್ಪು ಬಂದ್ರ ನಿಮ್ಮಷ್ಟು ಬಿಡಿಸಿ ಹೇಳವ್ರು ಯಾರೂ ಇಲ್ಲಂತ್ರಿ."

ಹೊಗಳಿದರೆ ಉಬ್ಬುವ ಜಾತಿ ನನ್ನದು. ಮಾಡುತ್ತಿದ್ದ ಕೆಲಸ ಬಿಟ್ಟು, "ಹೇಳ್ರಿ, ಏನಾಗೇತಿ?" ಎಂದೆ.

"ಸೀರಿ ದಡ್ಯಾಗ ಗುಬ್ಬಿ ಬರ್ತಾವ್ರಿ. ಜ್ವಾಳದ ತೆನಿ ಮ್ಯಾಲ ಎದುರಾಬದುರಾ ಕುಂತಾವು. ಭಾಳ ಛಲೋ ಅದಾವ್ರಿ. ಆದ್ರ ಎರಡನೇ ಗುಬ್ಬಿ ಕುತ್ತಿಗಿ ಹಂತ್ಯಾಕ ಒಂದು ಬಾಣ ಬರಾಕತ್ತೇತಿ. ಮುಧೋಳದ ಅಂಗಡ್ಯಾಗ ಒಬ್ಬಾಕಿ ಕೇಳಿದ್ಲಂತ, ಈ ಗುಬ್ಬಿಗೆ ಬಾಣ ಹೊಡದವ ಯಾವನ್ರಿ ಅಂತ. ನಾಕು ಸೀರಿ ವಾಪಸ್ ಬಂದಾವು. ಆ ಬಾಣ ತಗಿಯೂದು ಹೆಂಗ್ರಿ?"

ನಾನೇ ಬಂದು ನೋಡುತ್ತೇನೆ ಎಂದು ಅವನ ವಿಳಾಸ ಬರೆದುಕೊಂಡೆ. ಯಾಕೆಂದರೆ ಆ ಬಾಣ ಹೊಡೆದವಳು ನಾನೇ. ಆ ಗುಬ್ಬಿ ಅವನ ಮಗ್ಗದ ಮೇಲೆ ಇರಲೇಕೂಡದಾಗಿತ್ತು. ಅದು ನಮ್ಮ ಬನಹಟ್ಟಿಯ ಗಿರಮಲ್ಲಪ್ಪ ಕಾಕಾನ ಗುಬ್ಬಿ. ದಸರೆಗೆ ಮೊದಲು ಅದನ್ನು ಊರಲ್ಲಿ ಒಂದು ನರಪಿಳ್ಳೆಯೂ ನೋಡುವುದಿಲ್ಲ ಎಂದು ನಾನು ಅವನಿಗೆ ಮಾತು ಕೊಟ್ಟಿದ್ದೆ.

ನಾನು ಮಂಗಲಾ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಹಾಕುವುದು ನನ್ನ ಕಸುಬು. ನಮ್ಮಪ್ಪ ಬಸಗೊಂಡಪ್ಪ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತಿದ್ದ, ಅದನ್ನು ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಿದ್ದರು. ನಾನು ಅದೇ ಚೌಕಗಳನ್ನು ಕಂಪ್ಯೂಟರಿನಲ್ಲಿ ತುಂಬುತ್ತೇನೆ, ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ, ಮಗ್ಗ ಅದನ್ನೇ ಓದಿಕೊಂಡು ನೇಯುತ್ತದೆ. ಓದುವುದು ಎಂದರೆ ಬರೀ ಓದುವುದು. ಚೌಕದಲ್ಲಿ ಏನಿದೆಯೋ ಅದು ಬಟ್ಟೆಯಲ್ಲಿ ಬರುತ್ತದೆ, ಗುಬ್ಬಿ ಇದ್ದರೆ ಗುಬ್ಬಿ, ಬಾಣ ಇದ್ದರೆ ಬಾಣ.

ಗಿರಮಲ್ಲಪ್ಪ ಕಾಕಾನ ಹೆಂಡತಿ ಸಾವಕ್ಕ ಅಂಗಳದಲ್ಲಿ ಜೋಳ ಹಸನು ಮಾಡಲು ಕೂತರೆ ಗುಬ್ಬಿಗಳು ಅವಳ ಮೊರದ ತನಕ ಬರುತ್ತವೆ. ಅದನ್ನು ನೋಡಿ ನೋಡಿ ಕಾಕಾ ಮಗ್ಗದ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ್ದ. ಮೂರು ವರ್ಷ ಗೀಚಿದ, ಒರೆಸಿದ, ಮತ್ತೆ ಗೀಚಿದ. ಕೊನೆಗೆ ನನ್ನನ್ನು ಕರೆಸಿ, "ಇದನ್ನ ದಡಿಗೆ ತರಾಕ ಆಕ್ಕೇತೇನ ನೋಡು" ಎಂದ. ನಾಲ್ಕು ತಿಂಗಳು ಕೂತೆ. ಗುಬ್ಬಿಯ ಕೊಕ್ಕಿಗೇ ಹದಿನೈದು ದಿನ ಹಿಡಿಯಿತು.

ನಮ್ಮ ಕಡೆ ಹೊಸ ದಡಿ ಮಗ್ಗಕ್ಕೇರಿತೆಂದರೆ ಬೀಗರು ಬಂದರೂ ನೇಯ್ದ ಬಟ್ಟೆಯ ಮೇಲೆ ಟವೆಲ್ಲು ಬೀಳುತ್ತದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೀರೆ ಅಂಗಡಿಗೆ ಹೋಗಿ ಒಂದು ಹಬ್ಬ ಕಳೆಯಿತೋ, ಆಮೇಲೆ ಯಾರು ಬೇಕಾದರೂ ನಕಲು ಮಾಡಲಿ, ಅದಕ್ಕೂ ಯಾರೂ ಜಗಳ ತೆಗೆಯುವುದಿಲ್ಲ. ಆದರೆ ಮೊದಲ ಹಬ್ಬ ಮಾತ್ರ ದಡಿ ತಂದವನದು. ಇದನ್ನು ಯಾರೂ ಕಾಗದದ ಮೇಲೆ ಬರೆದಿಲ್ಲ. "ಈ ಫೈಲು ನನ್ನ ಮನಿ ಬಿಟ್ಟು ಹೊರಗ ಹೋಗಂಗಿಲ್ಲ ಕಾಕಾ" ಎಂದು ನಾನಾಗಿಯೇ ಹೇಳಿದ್ದೆ. ಅವನು ಕೇಳಿರಲೂ ಇಲ್ಲ.

ಇನ್ನು ನವೀನ ಸರ್ ವಿಷಯ. ಜಮಖಂಡಿಯಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ. ಅವರು, ಅವರ ಜೊತೆ ಎಲ್ಲೆಲ್ಲಿಯವರೋ ಕೂಡಿ, 'ಹಾಸುಹೊಕ್ಕು' ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ತೆರೆದು ನೋಡಬಹುದು, ತಿದ್ದಬಹುದು, ಯಾರಪ್ಪನ ಅಪ್ಪಣೆಯೂ ಬೇಡ. ತಪ್ಪು ಕಂಡರೆ ಬರೆಯಲು ಅದರದೇ ಒಂದು ಪುಟವಿದೆ, ಅದೂ ಎಲ್ಲರಿಗೂ ಕಾಣುವಂಥದ್ದು. ಮೊದಲ ಸಲ ನಾನು ಅಲ್ಲಿ ಸಿಟ್ಟಿನಿಂದ, "ನಿಮ್ಮ ಸಾಫ್ಟ್‌ವೇರ್ ಕೆಟ್ಟಿದೆ, ಬೇಗ ರಿಪೇರಿ ಮಾಡಿ" ಎಂದು ಬರೆದಿದ್ದೆ. ಬೇರೆಯವರಾಗಿದ್ದರೆ ಮುಖ ತಿರುಗಿಸುತ್ತಿದ್ದರು. ನವೀನ ಸರ್ ಫೋನ್ ಮಾಡಿ ಒಂದು ತಾಸು ಮಾತಾಡಿದರು.

"ಡಾಕ್ಟರ ಹತ್ರ ಹೋಗಿ ಆರಾಮಿಲ್ಲ ಅಂದ್ರ ಅವರೇನ ಮಾಡ್ಬೇಕ್ರಿ ಪಾಪ? ಎಲ್ಲಿ ನೋಯ್ತೈತಿ, ಯಾವಾಗಿಂದ, ಏನ ತಿಂದಿದ್ರಿ, ಹೇಳಬೇಕಲ್ಲ. ಇಲ್ಲೂ ಹಂಗ. ನೀವು ಏನ ಒತ್ತಿದ್ರಿ, ಏನ ಬರಬೇಕಾಗಿತ್ತು, ಏನ ಬಂತು. ಯಾವ ಫೈಲಿನ್ಯಾಗ ಬಂತು ಅದನ್ನ ಹಚ್ರಿ. ನಾ ಇಲ್ಲಿ ಕುಂತು ನಿಮ್ಮ ತಪ್ಪನ್ನ ನನ್ನ ಕಂಪ್ಯೂಟರಿನ್ಯಾಗ ಹುಟ್ಟಸಾಕ ಬರಬೇಕು. ಹುಟ್ಟಸಾಕ ಬಂದ್ರ ಸಾಯಿಸಾಕ ಬರ್ತೈತಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆರು ವರ್ಷದಲ್ಲಿ ಇಪ್ಪತ್ತಮೂರು ತಪ್ಪು ಬರೆದೆ. ಇಡೀ ಸಾಫ್ಟ್‌ವೇರನ್ನು ಕನ್ನಡಕ್ಕೆ ತಂದೆ, ಹಾಸು, ಹೊಕ್ಕು, ದಡಿ, ಸೆರಗು, ಎಲ್ಲಾ ನಮ್ಮ ಮಾತಿನಲ್ಲೇ. ಯಾವುದೋ ದೇಶದಲ್ಲಿ ಕೈಮಗ್ಗ ಇಟ್ಟುಕೊಂಡ ಒಬ್ಬ ಅಜ್ಜಿ, ನಾನು ಬರೆದ ಒಂದು ದೂರಿನಿಂದ ತನ್ನ ಕಂಬಳಿ ಸರಿಹೋಯಿತೆಂದು ಎರಡು ಸಾಲು ಬರೆದಿದ್ದಳು. ಅದನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ್ದೆ. ನವೀನ ಸರ್ ನನ್ನ ಗುರು ಎನ್ನಲು ನಾನು ಹಿಂದೆಮುಂದೆ ನೋಡುತ್ತಿರಲಿಲ್ಲ.

ಆಷಾಢದಲ್ಲಿ ಕಾಕಾನ ಮಗ್ಗದಲ್ಲಿ ಗುಬ್ಬಿ ದಡಿಯ ಮೊದಲ ಒಂದು ಮೊಳ ನೇಯ್ದು ನೋಡಿದೆವು. ನಾನು ಒಂದು ಗುಬ್ಬಿ ಬಿಡಿಸಿ, ಅದರ ಕನ್ನಡಿ ಬಿಂಬವನ್ನು ಎದುರಿಗೆ ಕೂಡಿಸಲು ಸಾಫ್ಟ್‌ವೇರಿಗೆ ಹೇಳಿದ್ದೆ. ಮೊದಲ ಗುಬ್ಬಿ ಚೆನ್ನಾಗಿತ್ತು. ಎರಡನೆಯದಕ್ಕೆ ಕುತ್ತಿಗೆಯೇ ಇರಲಿಲ್ಲ, ತಲೆ ಹೋಗಿ ಬೆನ್ನಿಗೆ ಅಂಟಿತ್ತು. ಎಣಿಸಿದೆ. ನಾನೂರ ಎಂಬತ್ತೆರಡು ಸಾಲು ಬರಬೇಕಾದಲ್ಲಿ ನಾನೂರ ಎಪ್ಪತ್ತಾರು. ಆರು ಸಾಲನ್ನು ಸಾಫ್ಟ್‌ವೇರ್ ನುಂಗಿ ನೀರು ಕುಡಿದಿತ್ತು.

ಆಗ ನಾನು ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾಕಾ ಮೊದಲಿನಿಂದಲೂ "ಬಿಟ್ಟಿ ಸಿಗೂದನ್ನ ನಂಬಬಾರದವ್ವಾ" ಎನ್ನುತ್ತಿದ್ದ. ಅವನ ಮುಂದೆ ನನ್ನ ಸಾಫ್ಟ್‌ವೇರ್ ತಪ್ಪಿತು ಎನ್ನಲು ನಾಲಿಗೆ ಏಳಲಿಲ್ಲ. "ಮಗ್ಗ ಎಲ್ಲೋ ಸಾಲು ಜಿಗದೇತ್ರಿ ಕಾಕಾ. ಹಲ್ಲಿನ ಗಾಲಿ ಬಿಚ್ಚಿ ನೋಡಸ್ರಿ" ಎಂದುಬಿಟ್ಟೆ. ಅವನು ನನ್ನ ಮುಖ ನೋಡಿ, "ಹೌದಾ? ನೋಡ್ತೀನಿ ಬಿಡು" ಎಂದ.

ಮನೆಗೆ ಬಂದು ಬೇರೆ ಬೇರೆ ಸಣ್ಣ ನಮೂನೆಗಳಲ್ಲಿ ಆ ತಪ್ಪನ್ನು ಹುಟ್ಟಿಸಲು ನೋಡಿದೆ. ಹೂವಿನಲ್ಲಿ ಬರಲಿಲ್ಲ, ಚುಕ್ಕಿಯಲ್ಲಿ ಬರಲಿಲ್ಲ, ಮಾವಿನಕಾಯಿಯಲ್ಲಿ ಬರಲಿಲ್ಲ. ಗುಬ್ಬಿಯ ಫೈಲಿನಲ್ಲಿ ಮಾತ್ರ ಬರುತ್ತಿತ್ತು. ನವೀನ ಸರ್‌ಗೆ ಫೋನ್ ಮಾಡಿ, ಇದು ಹೊರಗೆ ತೋರಿಸುವ ಫೈಲಲ್ಲ, ನಿಮಗೊಬ್ಬರಿಗೇ ಮೇಲ್ ಮಾಡುತ್ತೇನೆ ಎಂದೆ.

"ನನಗೊಬ್ಬಂಗ ಕಳಿಸಿದ್ರ ನಾ ಒಬ್ನ ಏನ ಮಾಡ್ಲಿ? ಕನ್ನಡಿ ಭಾಗದ ಕೋಡ್ ಬರದಾವ ಬ್ಯಾರೆಯವ. ಪುಟದ ಮ್ಯಾಲ ಹಾಕ್ರಿ, ನಾಕು ದಿನದಾಗ ಸರಿ ಮಾಡಿಸಿ ನಾನ ಕೈಯಾರೆ ತಗದು ಹಾಕ್ತೀನಿ. ನನ್ನ ಮ್ಯಾಲ ಭರೋಸಾ ಇಲ್ಲೇನ್ರಿ ಮಂಗಲಾ?"

ಭರೋಸಾ ಇತ್ತು. ಅಪ್ಪನ ಮೇಲೆ ಇದ್ದಷ್ಟು ಇತ್ತು. ಎರಡು ಫೈಲು ಹಚ್ಚಿದೆ, ಮೂಲದ್ದೊಂದು, ತಪ್ಪಾಗಿ ಬಂದದ್ದೊಂದು. ತಪ್ಪಾಗಿ ಬಂದದ್ದರಲ್ಲಿ ನೋಡುವವರಿಗೆ ತಟ್ಟನೆ ಕಾಣಲಿ ಎಂದು ಕುತ್ತಿಗೆಯ ಪಕ್ಕದ ಖಾಲಿ ಜಾಗದಲ್ಲಿ ಹದಿನಾಲ್ಕು ಚೌಕ ತುಂಬಿ ಒಂದು ಬಾಣ ಬಿಡಿಸಿದೆ. ನಾಲ್ಕೇ ದಿನಕ್ಕೆ ಸರಿಹೋಯಿತು. ಸರಿಯಾದದ್ದನ್ನು ಕಾಕಾನಿಗೆ ಕೊಟ್ಟೆ, ಮಗ್ಗ ರಿಪೇರಿಯಾಯಿತಲ್ಲ, ಈಗ ಬರುತ್ತದೆ ನೋಡಿ ಎಂದೆ. ಫೈಲು ತೆಗೆಯಿರಿ ಎಂದು ನವೀನ ಸರ್‌ಗೆ ಮೆಸೇಜ್ ಹಾಕಿದೆ. ಹೆಬ್ಬೆರಳು ಎತ್ತಿದ ಚಿತ್ರ ಬಂತು. ತೆಗೆದರೋ ಇಲ್ಲವೋ ಎಂದು ನಾನು ತೆರೆದು ನೋಡಲಿಲ್ಲ. ಗುರುವನ್ನು ಯಾರಾದರೂ ತಪಾಸಣೆ ಮಾಡುತ್ತಾರೆಯೇ?

ಮಹಾಲಿಂಗನ ಫೋನ್ ಇಟ್ಟವಳೇ ರಬಕವಿಗೆ ಹೋದೆ. ಅವನು ಕಳ್ಳನಂತೆ ಕಾಣಲಿಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ, ಮಗ್ಗದ ಮುಂದೆ ಕರೆದುಕೊಂಡು ಹೋಗಿ ತೋರಿಸಿದ. ಹಸಿರು ದಡಿಯಲ್ಲಿ ಹಳದಿ ಗುಬ್ಬಿ, ಪಕ್ಕದಲ್ಲಿ ನನ್ನ ಬಾಣ. ಮೊಳಕ್ಕೆ ನಾಲ್ಕರಂತೆ ಬಾಣಗಳ ಸಾಲೇ ಹೊರಟಿತ್ತು.

"ಕುತ್ತಿಗಿನೂ ಇಲ್ಲಲ್ರಿ ಇದಕ್ಕ" ಎಂದೆ.

"ಕುತ್ತಿಗೀನ?" ಎಂದು ಬಗ್ಗಿ ನೋಡಿದ. "ಹೌದಲ್ರಿ! ನಾ ಬಾಣ ಒಂದ ನೋಡಿದ್ದೆ."

ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಶ್ರಾವಣದಲ್ಲಿ ನವೀನ ಸರ್ ರಬಕವಿಗೆ ಬಂದು ಮಗ್ಗದವರಿಗೆ ಎರಡು ದಿನ ತರಬೇತಿ ಕೊಟ್ಟರಂತೆ. ಇಪ್ಪತ್ತು ಮಂದಿ ಇದ್ದರಂತೆ. ತಪ್ಪನ್ನು ಹೇಗೆ ಬರೆಯಬೇಕು ಎಂದು ಹೇಳಿಕೊಡಲು ದೊಡ್ಡ ಪರದೆಯ ಮೇಲೆ ನನ್ನ ದೂರನ್ನು ತೋರಿಸಿ, ಮನೆಗೆ ಹೋಗಿ ನೀವೂ ಮಾಡಿ ನೋಡಿ ಎಂದು ಎಲ್ಲರ ಪೆನ್‌ಡ್ರೈವಿಗೂ ಎರಡೂ ಫೈಲು ಹಾಕಿಕೊಟ್ಟರಂತೆ. ಜೋಡಿ ಗುಬ್ಬಿ ಇದ್ದ ತಪ್ಪು ಫೈಲನ್ನೇ ಇವನು ಮಗ್ಗಕ್ಕೇರಿಸಿದ್ದ. "ಎಲ್ಲಾ ಫ್ರೀ ಅಂದ್ರಲ್ರಿ" ಎಂದ ಮಹಾಲಿಂಗ. ಅವನ ಮೇಲೆ ಸಿಟ್ಟು ಮಾಡಲು ನೋಡಿದೆ, ಆಗಲಿಲ್ಲ.

ಅಲ್ಲಿಂದ ಸೀದಾ ಸಾವಳಗಿಗೆ ಹೋಗುವ ಬಸ್ಸು ಹತ್ತಿ ಜಮಖಂಡಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಬಾಯಿಗೆ ಬಂದ ಬೈಗುಳವನ್ನೆಲ್ಲ ಜೋಡಿಸಿಕೊಂಡಿದ್ದೆ. ನವೀನ ಸರ್ ನನ್ನನ್ನು ನೋಡಿ ಎದ್ದು ನಿಂತು ನಕ್ಕರು. ಆ ನಗು ನೋಡಿ ನನಗೆ ಬೈಗುಳವೆಲ್ಲ ಮರೆತುಹೋಯಿತು.

"ತಗದು ಹಾಕ್ತೀನಿ ಅಂದಿದ್ರಿ ಸರ."

ಯಾವುದು ಎಂದು ಅವರಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದೇ ನನಗೆ ಹೆಚ್ಚು ನೋವಾದದ್ದು. ನೆನಪಾದ ಮೇಲೆ ಸಮಾಧಾನದಿಂದ, ತರಗತಿಯಲ್ಲಿ ಹೇಳುವಂತೆ ಹೇಳಿದರು.

"ಅಂದಿದ್ದೆ, ಖರೆ. ಆದ್ರ ಆಮ್ಯಾಲ ಅದು ತಗಿಯೂ ಹಂಗ ಉಳೀಲಿಲ್ರಿ. ಆ ತಪ್ಪು ಮತ್ತ ಬರಬಾರದಲ್ಲ, ಅದಕ್ಕ ನಿಮ್ಮ ಫೈಲನ್ನ ಪರೀಕ್ಷಾಕ್ಕ ಇಟ್ಟೀವಿ. ಯಾರರ ಕೋಡ್ ತಿದ್ದಿದ್ರ ಮೊದಲ ನಿಮ್ಮ ಗುಬ್ಬಿ ಸರಿ ಬರ್ತೈತೇನ ಅಂತ ಅದ ನೋಡಿಕೊಳ್ತೈತಿ. ಈಗ ಅದು ಸಾಫ್ಟ್‌ವೇರಿನ ಭಾಗ. ಇಳಿಸಿಕೊಂಡವರೆಲ್ಲರ ಹತ್ರಾನೂ ಐತಿ."

"ಎಲ್ಲಾರ ಹತ್ರಾನೂ?"

"ಎಲ್ಲಾ ದೇಶದಾಗೂ" ಎಂದರು, ನನಗೆ ಖುಷಿಯಾಗಲಿ ಎಂಬಂತೆ. "ಮಂಗಲಾ, ಇಷ್ಟು ವರ್ಷದಾಗ ನನಗ ಬಂದ ದೂರಿನ್ಯಾಗ ಅದರಷ್ಟು ಛಂದಂದು ಇನ್ನೊಂದಿಲ್ಲ. ಹೆಮ್ಮಿಯಿಂದ ತೋರಿಸೀನಿ. ಮತ್ತ ಫೈಲ್ ಹಾಕೂಮುಂದ ಕೆಳಗ ಒಂದು ಟಿಕ್ ಮಾಡೀರಲ್ಲ, ಇಲ್ಲಿ ಹಾಕಿದ್ದು ಎಲ್ಲಾರದೂ ಅಂತ? ಅದನ್ನ ಕನ್ನಡಕ್ಕ ತಂದಾವ್ರ ನೀವ."

ಹೌದು, ತಂದವಳು ನಾನೇ. 'ಒಪ್ಪಿದ್ದೇನೆ' ಎಂದು ಚೆಂದದ ಕನ್ನಡದಲ್ಲಿ.

"ಟಿಕ್ಕಿಂದು ಕೇಳಾಕತ್ತಿಲ್ರಿ ನಾ. ನೀವು ಬಾಯಿಲೆ ಹೇಳಿದ್ದು ಕೇಳಾಕತ್ತೇನಿ. ನನಗ ಒಂದು ಫೋನರ ಮಾಡಬೇಕಿತ್ತಲ್ರಿ?"

"ಮಾಡಬೇಕಿತ್ತು" ಎಂದು ಒಪ್ಪಿಕೊಂಡರು. "ಕೆಲಸದಾಗ ಮರತೆ. ಆದ್ರ ನೋಡ್ರಿ, ಒಂದು ದಡಿ. ಅದರಿಂದ ಎಷ್ಟು ಮಂದಿಗೆ ಉಪಯೋಗ ಆತು." ಆಮೇಲೆ ಊಟ ಮಾಡಿ ಹೋಗಿ ಎಂದರು. ಒಂದು ದಡಿ! ಮೂರು ವರ್ಷ ಗೋಡೆ ಗೀಚಿದ ಮುದುಕನಿಗೆ ಇದನ್ನು ಹೋಗಿ ಹೇಳಿ ಎನ್ನಬೇಕೆನಿಸಿತು. ಹೇಳಲಿಲ್ಲ. ಹೇಳಬೇಕಾದವಳು ನಾನಾಗಿದ್ದೆ. ಊಟಕ್ಕೂ ನಿಲ್ಲಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಮಾಡಿದ ಕಪಟವನ್ನೂ ಹೇಳುತ್ತೇನೆ. ಸುಮ್ಮನಿದ್ದರೆ ಏನಾಗುತ್ತದೆ? ಮುಧೋಳದಿಂದ ಸುದ್ದಿ ಬಂದಾಗ ಕಾಕಾ ಯಾರೋ ಗೋಡೆ ನೋಡಿ ಕದ್ದರು ಎಂದುಕೊಳ್ಳಬಹುದು. ಮಗ್ಗದ ಕೆಲಸಕ್ಕೆ ಬಂದು ಹೋದವರು ಎಷ್ಟೋ ಜನ. ನನ್ನ ಹೆಸರು ಉಳಿಯುತ್ತದೆ. ಬನಹಟ್ಟಿ ಬರುವವರೆಗೂ ಹೀಗೇ ಲೆಕ್ಕ ಹಾಕಿದೆ. ಇಳಿದ ಮೇಲೆ ಕಾಲು ತಾನಾಗಿ ಕಾಕಾನ ಮನೆಯ ಕಡೆ ನಡೆಯಿತು. ಬೆನ್ನಿಗೆ ಚೂರಿ ಹಾಕಿಸಿಕೊಂಡ ಉರಿ ನನಗೆ ಇನ್ನೂ ಹಸಿಯಾಗಿತ್ತು, ಅದನ್ನೇ ಇನ್ನೊಬ್ಬರಿಗೆ ಮಾಡುವುದು ಆಗಲಿಲ್ಲ.

ನನ್ನನ್ನು ನೋಡಿ ಕಾಕಾ ಮಗ್ಗ ನಿಲ್ಲಿಸಿದ. ಸಾವಕ್ಕ ಪಕ್ಕದಲ್ಲಿ ಕೂತು ಮಡಚಿದ ಸೀರೆಗಳಿಗೆ ಕಾಗದ ಸುತ್ತುತ್ತಿದ್ದಳು. ಇಪ್ಪತ್ತೊಂದು ಸೀರೆ ಆಗಿದ್ದವು. ನಿಂತಲ್ಲೇ ನಿಂತು ಮಹಾಲಿಂಗನಿಂದ ಹಿಡಿದು ನವೀನ ಸರ್ ತನಕ ಎಲ್ಲವನ್ನೂ ಹೇಳಿದೆ. ಎಲ್ಲಾ ಮುಗಿದ ಮೇಲೆ ಕಾಕಾ, "ಅದೇನ ಬರದಿದ್ದಿ ಅವರಿಗೆ, ಓದು" ಎಂದ.

ಮೊಬೈಲ್ ತೆಗೆದು ಓದಿದೆ. ಗುಬ್ಬಿಯ ಮೂಲ ಫೈಲಿನಲ್ಲಿ ಇನ್ನೂರ ನಲವತ್ತೊಂದು ಸಾಲು ಇವೆ. ಕನ್ನಡಿ ಮಾಡಿ ಕೂಡಿಸಿದರೆ ನಾನೂರ ಎಂಬತ್ತೆರಡು ಬರಬೇಕು. ನಾನೂರ ಎಪ್ಪತ್ತಾರು ಬರುತ್ತವೆ. ಪರದೆಯ ಮೇಲೆ ಸಣ್ಣದಾಗಿ ನೋಡಿದರೆ ಗೊತ್ತಾಗುವುದಿಲ್ಲ. ನೇಯ್ದ ಬಟ್ಟೆಯಲ್ಲಿ ಎರಡನೇ ಗುಬ್ಬಿಗೆ ಕುತ್ತಿಗೆ ಇರುವುದಿಲ್ಲ. ಮಗ್ಗದಲ್ಲಿ ಯಾವ ದೋಷವೂ ಇಲ್ಲ.

ಕೊನೆಯ ಸಾಲು ಓದುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ಮತ್ತೊಮ್ಮೆ ಓದು" ಎಂದ ಕಾಕಾ.

"ಮಗ್ಗದಲ್ಲಿ ಯಾವ ದೋಷವೂ ಇಲ್ಲ."

"ಎಷ್ಟು ಛಲೋ ಬಿಡಿಸಿ ಬರದೀದಿ ಬೇ. ಕುಂತ ಮಂದಿಗೂ ತಿಳೀತೈತಿ, ನಿಂತ ಮಂದಿಗೂ ತಿಳೀತೈತಿ." ಅವನ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಎರಡು ದಿನಾ ಗಾಲಿ ಬಿಚ್ಚಿ ಒಂದೊಂದು ಹಲ್ಲು ಒರಸೀನಿ. ಎಲ್ಲಾ ಸರಿ ಇದ್ವು. ಐವತ್ತು ವರ್ಷ ಮಗ್ಗದ ಮುಂದ ಕುಂತವಂಗ ಮಗ್ಗ ಜಿಗದದ್ದು ಯಾವುದು, ಡಿಸೈನ್ ತಪ್ಪಿದ್ದು ಯಾವುದು ಗೊತ್ತಾಗಂಗಿಲ್ಲೇನ? ಹುಡುಗಿ ನಾಚಿಕೊಂಡಾಳ, ಬಂದು ಹೇಳ್ತಾಳ ಅಂತ ಎಂಟು ದಿನಾ ದಾರಿ ನೋಡಿದೆ. ನೀ ಜಮಖಂಡಿಗೆ ಹೇಳಿದಿ, ದೇಶಕ್ಕೆಲ್ಲಾ ಹೇಳಿದಿ. ಹತ್ತು ಹೆಜ್ಜಿ ದಾಟಿ ನನಗ ಒಂದು ಮಾತು ಹೇಳಾಕ ನಿನಗ ಆಗಲಿಲ್ಲ."

ನವೀನ ಸರ್ ಮೇಲೆ ನಾನು ಹೊತ್ತು ತಂದ ಸಿಟ್ಟೆಲ್ಲ ಆ ಮನೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಸಾವಕ್ಕನ ಕಡೆ ನೋಡಿದೆ. ಅವಳಾದರೂ ಬಯ್ಯಲಿ ಎಂದು.

"ನಮ್ಮ ಅಂಗಳದಾಗಿನ ಗುಬ್ಬಿ ಬೇ ಅವು" ಎಂದಳು, ಅಷ್ಟೇ. ಕಾಗದ ಸುತ್ತುವುದನ್ನು ನಿಲ್ಲಿಸಿದ್ದಳು.

"ಕಾಕಾ, ಏನ ಮಾಡ್ಲಿ ಹೇಳ್ರಿ" ಎಂದೆ.

ಕಾಕಾ ಮಗ್ಗದಿಂದ ಪೆನ್‌ಡ್ರೈವ್ ಕಿತ್ತು ನನ್ನ ಕೈಗೆ ಕೊಟ್ಟ. "ರಬಕವಿಗೆ ಹೋಗು. ಆ ಮಹಾಲಿಂಗಗ ಸರಿ ಇದ್ದದ್ದನ್ನ ಹಾಕಿಕೊಟ್ಟು ಬಾ. ಹೆಂಗೂ ಮಂದಿ ಮೈಮ್ಯಾಲ ಬರೂದು ಬಂತು, ಕುತ್ತಿಗಿ ಇಲ್ಲದ ಗುಬ್ಬಿ ಬರೂದು ಬ್ಯಾಡ. ನಾನು ಇನ್ನ ಗುಬ್ಬಿ ಇಲ್ಲದ ಬರಿ ದಡಿ ನೇಯ್ತೀನಿ."

"ಈ ಇಪ್ಪತ್ತೊಂದು?"

"ಅವು ನಮ್ಮ ಮನ್ಯಾಗ ಇರ್ತಾವು. ನೀ ಹೋಗು. ಮುಂದಿನ ಡಿಸೈನಿಗೆ ನಾ ಬ್ಯಾರೆ ಯಾರಿಗರ ಹೇಳ್ತೀನಿ, ನೀ ಮನಸಿಗೆ ಹಚ್ಚಿಕೋಬ್ಯಾಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೀದಿಗೆ ಬಂದ ಮೇಲೆ ಅಳು ಬಂತು, ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು ಅತ್ತೆ.

ಮರುದಿನ ಬೆಳಿಗ್ಗೆ ಮಹಾಲಿಂಗನ ಮಗ್ಗಕ್ಕೆ ಸರಿಯಾದ ಫೈಲು ಹಾಕಿದೆ. ಎರಡು ಮೊಳ ನೇಯುವವರೆಗೂ ಅಲ್ಲೇ ನಿಂತೆ. ಬಾಣ ಹೋಯಿತು, ಕುತ್ತಿಗೆ ಬಂತು, ಎರಡು ಗುಬ್ಬಿಗಳು ತೆನೆಯ ಮೇಲೆ ಎದುರಾಬದುರಾ ಕೂತವು. ಮಹಾಲಿಂಗನಿಗೆ ಹಿಡಿಸಲಾರದ ಸಂತೋಷ. ನವೀನ ಸರ್ ಹೇಳಿದ್ದು ಸುಳ್ಳಲ್ಲ ಎಂದ, ದಸರೆಗೆ ನೂರು ಸೀರೆ ಎಲ್ಲಿಗೂ ಸಾಲುವುದಿಲ್ಲ ಎಂದ, ಮನೆಯವರಿಗೆಂದು ಒಂದನ್ನು ತೆಗೆದಿಡುತ್ತೇನೆ, ನೀವೂ ಒಂದನ್ನು ಒಯ್ಯಬೇಕು ಎಂದು ಹಠ ಹಿಡಿದ. ನಾನು ಬಗ್ಗಿ, ಬೆರಳಿಟ್ಟು, ಒಂದು ಗುಬ್ಬಿಯ ಬಾಲದಿಂದ ಇನ್ನೊಂದರ ಬಾಲದವರೆಗೆ ಸಾಲು ಎಣಿಸಿದೆ. ಒಂದು ಸಾಲೂ ತಪ್ಪಿರಲಿಲ್ಲ.